ನೆನೆದ ರಟ್ಟು

ಕೆಟ್ಟಿರುವುದು ವೈನೋ, ನನ್ನ ಮೂಗೋ?

ಗ್ಲಾಸನ್ನು ಇನ್ನೊಮ್ಮೆ ತಿರುಗಿಸಿ ಮೂಸಿದೆ. ರಟ್ಟಿನ ವಾಸನೆ. ನೀರಲ್ಲಿ ನೆನೆದು, ಸರಿಯಾಗಿ ಒಣಗದೆ, ಬಾಗಿಲ ಸಂದಿಯಲ್ಲಿ ಎರಡು ದಿನ ಬಿದ್ದಿದ್ದ ರಟ್ಟು. ಆದರೆ ನಾನು ನಿಂತಿದ್ದ ಹಿಂದಿನ ಕೋಣೆಯ ತುಂಬ ರಟ್ಟಿನ ಪೆಟ್ಟಿಗೆಗಳೇ, ಗೋಡೆಗೆ ತೇವ ಬೇರೆ. ವಾಸನೆ ಗ್ಲಾಸಿನದೋ ಕೋಣೆಯದೋ? ಹಿಂಬಾಗಿಲು ತೆಗೆದು ಓಣಿಗೆ ಹೋದೆ. ಬಿಸಿಲಿತ್ತು. ಪಕ್ಕದ ಲಾಂಡ್ರಿಯಿಂದ ಇಸ್ತ್ರಿಯ ಬಿಸಿ ಗಾಳಿ ಬರುತ್ತಿತ್ತು. ಅಲ್ಲಿ ನಿಂತು ಮೂಸಿದೆ. ಅದೇ ರಟ್ಟು.

ಅನುಮಾನ ಅಲ್ಲಿಗೆ ಮುಗಿಯಿತು. ಕೆಲವು ಬಾಟಲಿಗಳಿಗೆ ಹೀಗಾಗುತ್ತದೆ. ಬಿರಡೆಯಲ್ಲೇ ಏನೋ ದೋಷವಿದ್ದು ಅದು ವೈನಿಗೆ ಇಳಿಯುತ್ತದೆ. ಕುಡಿದರೆ ಯಾರೂ ಸಾಯುವುದಿಲ್ಲ, ಆದರೆ ಹಣ್ಣಿನ ಸುವಾಸನೆಯೆಲ್ಲ ಸತ್ತುಹೋಗಿ ಒದ್ದೆ ಕಾಗದ ಮಾತ್ರ ಉಳಿಯುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ, ಮೂಸಲೇಬೇಕು. ಹಾಗೆ ಮೂಸುವುದೇ ಆ ಅಂಗಡಿಯಲ್ಲಿ ನನಗಿದ್ದ ಒಂದೇ ಒಂದು ನಿಜವಾದ ಕೆಲಸ. ಪ್ರತಿ ಬಾಟಲಿ ತೆರೆದು, ಒಂದು ಗುಟುಕು ಬಗ್ಗಿಸಿ, ಮೂಸಿ, ಸರಿಯಿದ್ದರೆ ಮಾತ್ರ ಮೇಜಿಗೆ ಒಯ್ಯಬೇಕು. ಕೆಟ್ಟಿದ್ದರೆ ಬಿರಡೆ ಒತ್ತಿ ಪಕ್ಕಕ್ಕಿಟ್ಟು ಇನ್ನೊಂದು ತೆರೆಯಬೇಕು. ಇನ್ನೊಂದು ಬಾಟಲಿ ಕೈಗೆಟಕುವ ಶೆಲ್ಫಿನಲ್ಲೇ ಇತ್ತು.

ನಾನು ಕೆಟ್ಟದ್ದನ್ನೇ ಮೇಜಿಗೆ ಒಯ್ದೆ.

ಯಾಕೆ ಎಂದರೆ, ನೋಡೋಣ ಅನ್ನಿಸಿತು. ಅಂಗಡಿ ನನ್ನ ಭಾವನದು, ಎಂದರೆ ಅಕ್ಕನ ಗಂಡನದು. ಎಂಎ ಮುಗಿಸಿ ಮೂರು ವರ್ಷ ಮನೆಯ ಗೋಡೆ ನೋಡುತ್ತ ಕೂತಿದ್ದವನನ್ನು ಕರೆದು ಕೆಲಸ ಕೊಟ್ಟ ಪುಣ್ಯಾತ್ಮ. ಅದನ್ನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದ. ನನ್ನನ್ನು ಕರೆಯುತ್ತಿದ್ದದ್ದೇ ‘ಎಂಎ’ ಎಂದು. "ಏ ಎಂಎ, ಟಾಯ್ಲೆಟ್ ಬಲ್ಬ್ ಹೋಗಿದೆ ನೋಡು." ಶನಿವಾರ ಸಂಜೆ ಐದಕ್ಕೆ ಅಂಗಡಿಯ ನಡುವೆ ಉದ್ದನೆಯ ಮೇಜು ಹಾಕಿ ಅವನು ತರಗತಿ ನಡೆಸುತ್ತಿದ್ದ. ‘ದಿನಾ ಕುಡಿಯುವವರಿಗೆ ವೈನ್’ ಅಂತ ಬಾಗಿಲಿಗೆ ಬೋರ್ಡು. ಬರುತ್ತಿದ್ದ ಏಳು ಜನರಲ್ಲಿ ದಿನಾ ಕುಡಿಯುವವರು ಒಬ್ಬರೇ. ಉಳಿದವರು ಗ್ಲಾಸಿನ ಫೋಟೋ ತೆಗೆಯಲು ಬಂದವರು. ಒಬ್ಬ ಕಟ್ಟಡದ ಗುತ್ತಿಗೆದಾರ ಗ್ಲಾಸನ್ನು ರುಬ್ಬುಕಲ್ಲಿನ ಹಾಗೆ ತಿರುಗಿಸಿ ಪ್ರತಿ ವಾರ ಒಂದು ಬಿಳಿ ಅಂಗಿ ಹಾಳು ಮಾಡಿಕೊಳ್ಳುತ್ತಿದ್ದ. ಒಬ್ಬರು ಹಲ್ಲಿನ ಡಾಕ್ಟರಮ್ಮ, ಭಾವ ಬಾಯಿ ತೆರೆಯುವ ಮೊದಲೇ ಒಪ್ಪಿ ತಲೆಯಾಡಿಸುತ್ತಿದ್ದರು. "ವೈನ್ ಅಂದ್ರೆ ಭಯ ಬೇಡ," ಎಂದು ಭಾವ ಶುರು ಮಾಡುತ್ತಿದ್ದ. ಹತ್ತು ನಿಮಿಷದಲ್ಲಿ ಇಡೀ ಮೇಜು ಹೆದರಿ ಕೂತಿರುತ್ತಿತ್ತು.

ಅವನಿಗೆ ಮೂಗಿರಲಿಲ್ಲ. ಇದ್ದದ್ದು ಬಾಯಿ. ಆ ಬಾಯಿಗೆ ಮಾತು ಒದಗಿಸುತ್ತಿದ್ದವನು ನಾನು. ಶೆಲ್ಫಿನಲ್ಲಿ ಪ್ರತಿ ಬಾಟಲಿಯ ಕೆಳಗೆ ತೂಗುಹಾಕುವ ಚಿಕ್ಕ ಕಾರ್ಡುಗಳನ್ನು ಬರೆಯುತ್ತಿದ್ದದ್ದು ನಾನೇ, ಬಹುಪಾಲು ರುಚಿ ನೋಡದೆಯೇ. ನೋಟ್‌ಬುಕ್ಕಿನಲ್ಲಿ ಮೂರು ಪಟ್ಟಿಗಳಿದ್ದವು: ಹಣ್ಣು, ಮರ, ಹವಾಮಾನ. ಒಂದೊಂದರಿಂದ ಒಂದೊಂದು ಆರಿಸಿದರೆ ಒಂದು ಕಾರ್ಡು. ಆ ಶನಿವಾರದ ಕೆಂಪು ವೈನಿಗೆ ಬರೆದದ್ದು: ‘ಕಪ್ಪು ಚೆರ್ರಿ, ಹಳೆಯ ಬೀರುವಿನ ಮರ, ಮಳೆ ನಿಂತ ಮೇಲಿನ ಕಾಡಿನ ನೆಲ.’ ಬರೆಯಲು ಒಂದು ನಿಮಿಷವೂ ಹಿಡಿದಿರಲಿಲ್ಲ. ಜನ ಅದನ್ನೋದಿ ಕಣ್ಣು ಮುಚ್ಚಿ ನಿಜಕ್ಕೂ ಕಾಡಿಗೆ ಹೋಗಿಬರುತ್ತಿದ್ದರು. ಅವರನ್ನು ಕಂಡರೆ ನನಗೆ ಎಷ್ಟು ಅಸಹ್ಯವಿತ್ತೆಂದರೆ, ಅದನ್ನೇ ನಾನು ಬುದ್ಧಿವಂತಿಕೆ ಎಂದುಕೊಂಡಿದ್ದೆ.

ದಿನಾ ಕುಡಿಯುತ್ತಿದ್ದ ಆ ಒಬ್ಬರೆಂದರೆ ಡೇರಿಯಲ್ಲಿ ಹಾಲು ಮೂಸುವವರು. ಐವತ್ತೈದು ದಾಟಿತ್ತು. ಬೆಳಗಿನ ಲಾರಿ ಬಂದಾಗ ಒಂದೊಂದೇ ಕ್ಯಾನಿನ ಮುಚ್ಚಳ ಎತ್ತಿ, ಬಗ್ಗಿ, ಒಂದು ಉಸಿರು ಎಳೆದು, ‘ಹೂಂ’ ಅಥವಾ ‘ಬೇಡ’ ಎನ್ನುವುದು ಅವರ ಕೆಲಸ. ಒಂದು ಕೆಟ್ಟ ಕ್ಯಾನು ಒಳಗೆ ಹೋದರೆ ಇಡೀ ಟ್ಯಾಂಕು ಹಾಳು. ಇಪ್ಪತ್ತೆಂಟು ವರ್ಷ ಹಾಗೆ ಮೂಸಿದವರಿಗೆ ಒಂದು ಜ್ವರ ಬಂದು, ಜ್ವರ ಇಳಿದರೂ ಮೂಗು ವಾಪಸು ಬರಲಿಲ್ಲ. ಡಾಕ್ಟರು ದಿನಾ ಏನಾದರೂ ಮೂಸುತ್ತಿರಿ, ನಿಧಾನಕ್ಕೆ ಬರಬಹುದು ಎಂದಿದ್ದರಂತೆ. ಊಟದ ಜೊತೆ ಒಂದು ಗ್ಲಾಸು ವೈನ್ ಅವರಿಗೆ ಮೊದಲಿನಿಂದಲೂ ರೂಢಿ. ಹಾಗಾಗಿ ಬೋರ್ಡು ನೋಡಿ ಒಳಗೆ ಬಂದಿದ್ದರು. ಡೇರಿಯವರು ಮೂರು ತಿಂಗಳ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಮೂಗು ಬಂದರೆ ಹಳೆಯ ಜಾಗ, ಇಲ್ಲದಿದ್ದರೆ ಕ್ರೇಟು ಹೊರುವ ಕಡೆಗೆ.

ಅವರು ಭಾವನ ಮಾತು ಕೇಳುತ್ತಿರಲಿಲ್ಲ. ಗ್ಲಾಸಿನೊಳಗೆ ಮೂಗಿಟ್ಟು ಸುಮ್ಮನೆ ಕೂತಿರುತ್ತಿದ್ದರು, ಬಾವಿಯೊಳಗೆ ಬಿದ್ದ ಕೊಡವನ್ನು ಹುಡುಕುವವರ ಹಾಗೆ. ಐದನೇ ಶನಿವಾರ, ಒಂದು ಸಾಧಾರಣ ಬಿಳಿ ವೈನ್ ಹಿಡಿದುಕೊಂಡು ಇದ್ದಕ್ಕಿದ್ದಂತೆ, "ಸೇಬು!" ಎಂದು ಕೂಗಿದರು. "ಸೇಬು ಕಣ್ರೀ! ಸಿಪ್ಪೆ ಸಮೇತ!" ಕಣ್ಣಲ್ಲಿ ನೀರು ಬಂದಿತ್ತು. ಗುತ್ತಿಗೆದಾರ ನಕ್ಕ. ನಾನು ಆ ಗ್ಲಾಸು ಮೂಸಿದೆ. ಹೌದು, ಸೇಬು. ನನ್ನ ಕಾರ್ಡಿನಲ್ಲಿ ಪೇರಳೆ ಎಂದಿತ್ತು.

"ಅಲ್ರೀ, ಒಳ್ಳೆ ವೈನ್ ಯಾವುದು ಅಂತ ನೀವು ಹೇಗೆ ಹೇಳ್ತೀರ?" ಎಂದು ಡಾಕ್ಟರಮ್ಮ ಅವರನ್ನು ಕೇಳಿದ್ದರು, ತಮಾಷೆಗೆ.

"ಎರಡನೇ ಗುಟುಕಿಗೆ ಕೈ ತಾನಾಗೇ ಹೋದ್ರೆ ಒಳ್ಳೇದು ಅಮ್ಮಾ. ನಾವು ಎಳ್ಕೊಂಡು ಹೋಗ್ಬೇಕಾದ್ರೆ ಅಲ್ಲ."

ಆರು ತಿಂಗಳಲ್ಲಿ ಆ ಮೇಜಿನ ಮೇಲೆ ನಾನು ಕೇಳಿದ ಒಂದೇ ಸರಿಯಾದ ಮಾತು ಅದು. ಭಾವ ಅದಕ್ಕೆ, "ಅದು ಮಜ್ಜಿಗೆಗೆ ಸರಿ ಯಜಮಾನ್ರೇ," ಎಂದ. ಎಲ್ಲರೂ ನಕ್ಕರು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಗಡುವಿಗೆ ಉಳಿದಿದ್ದು ಎರಡು ದಿನ. ಕೆಟ್ಟ ಬಾಟಲಿಯನ್ನು ನಾನೇ ಎಂಟು ಗ್ಲಾಸಿಗೆ ಬಗ್ಗಿಸಿದೆ. ಭಾವ ತನ್ನದನ್ನು ದೀಪಕ್ಕೆ ಹಿಡಿದು, ತಿರುಗಿಸಿ, ಮೂಸಿ, ಕಣ್ಣು ಮುಚ್ಚಿದ.

"ಆಹಾ," ಎಂದ. "ಏನು ಗಾಂಭೀರ್ಯ ನೋಡಿ. ಎಳೆ ವೈನಿಗೆ ಇದು ಬರಲ್ಲ."

ಡಾಕ್ಟರಮ್ಮ ತಲೆಯಾಡಿಸಿದರು. ಗುತ್ತಿಗೆದಾರ, "ಭಾರಿ ಆಳ ಇದೆ," ಎಂದು ಅಂಗಿಗೆ ಚೆಲ್ಲಿಕೊಂಡ. ನನಗೆ ಹೊಟ್ಟೆಯೊಳಗೆ ನಗು ಉಕ್ಕುತ್ತಿತ್ತು. ಆರು ತಿಂಗಳಿಂದ ಕಾದಿದ್ದ ಮನರಂಜನೆ ಅದು. ನೆನೆದ ರಟ್ಟನ್ನು ಎಂಟು ಜನ ಚಪ್ಪರಿಸುತ್ತಿದ್ದರು.

ಎಂಟಲ್ಲ, ಏಳು. ಹಾಲಿನವರು ಗ್ಲಾಸನ್ನು ಕೆಳಗಿಟ್ಟಿದ್ದರು.

"ಬೇಡ," ಎಂದರು. ಡೇರಿಯಲ್ಲಿ ಹೇಳುತ್ತಿದ್ದ ಹಾಗೆಯೇ ಇರಬೇಕು, ಗಟ್ಟಿಯಾಗಿ, ಒಂದೇ ಮಾತು.

"ಏನು ಬೇಡ?" ಭಾವ ಕಣ್ಣು ತೆರೆದ.

"ಇದು ಕೆಟ್ಟಿದೆ ಸಾರ್. ನೆನೆದ ರಟ್ಟಿನ ವಾಸನೆ. ಮೂಸಿ ನೋಡಿ, ಹಣ್ಣೇ ಇಲ್ಲ ಇದರಲ್ಲಿ." ಅವರ ಮುಖ ಅರಳಿತ್ತು. ವೈನ್ ಕೆಟ್ಟಿದೆ ಎಂದು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ನೋಡಿಲ್ಲ. ಮೂಗು ಬಂದಿತ್ತು. ಕೆಟ್ಟದ್ದನ್ನು ಹಿಡಿಯುವ ಮೂಗು, ಅವರಿಗೆ ಸಂಬಳ ಕೊಡುತ್ತಿದ್ದ ಮೂಗು.

ಭಾವ ನಕ್ಕ. ಬಾಟಲಿಗೆ ಒರಗಿಸಿಟ್ಟಿದ್ದ ಕಾರ್ಡು ಎತ್ತಿಕೊಂಡ. "ಯಜಮಾನ್ರೇ, ನಿಮ್ಮ ತಪ್ಪಲ್ಲ. ಕೇಳಿ: ಹಳೆಯ ಬೀರುವಿನ ಮರ, ಮಳೆ ನಿಂತ ಮೇಲಿನ ಕಾಡಿನ ನೆಲ. ನೀವು ರಟ್ಟು ಅಂತಿದ್ದೀರಲ್ಲ, ಅದೇ ಇದು. ಮರ, ಮಳೆ, ಒದ್ದೆ. ತಿಳಿದವರು ಕಾಡು ಅಂತಾರೆ, ಹಾಲಿನ ಮೂಗು ರಟ್ಟು ಅನ್ನುತ್ತೆ. ಅಷ್ಟೇ ವ್ಯತ್ಯಾಸ."

ಮೇಜು ನಕ್ಕಿತು. ಡಾಕ್ಟರಮ್ಮ, "ಹೌದು, ನಂಗೂ ಕಾಡೇ ಬರ್ತಿದೆ," ಎಂದರು.

ಹಾಲಿನವರು ಗ್ಲಾಸನ್ನು ಮತ್ತೆ ಎತ್ತಿ ಮೂಸಿದರು. ಇಟ್ಟರು. ಇನ್ನೊಮ್ಮೆ ಎತ್ತಿದರು. ಆಮೇಲೆ ಮೇಜಿನ ತುದಿಯಲ್ಲಿ ಬಟ್ಟೆ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು. "ನೀವು ಹೇಳಿ ತಮ್ಮಾ. ತೆರೆದಾಗ ಮೂಸಿದ್ದು ನೀವೇ ಅಲ್ವಾ? ಸರಿ ಇತ್ತಾ?"

ಎಲ್ಲರೂ ನನ್ನನ್ನೇ ನೋಡಿದರು. ಕೆಟ್ಟಿದೆ ಎಂದರೆ, ಗೊತ್ತಿದ್ದೂ ಯಾಕೆ ತಂದೆ ಎಂಬ ಪ್ರಶ್ನೆ ಬರುತ್ತದೆ. ಕಾಡಿನ ನೆಲ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನನ್ನದು ಮಾತು ಕಡಿಮೆ. ಅದನ್ನು ಜನ ಗಾಂಭೀರ್ಯ ಎನ್ನುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಕೆಟ್ಟ ವೈನ್ ಮೂಸಿ ಭಾವ ಗಾಂಭೀರ್ಯ ಎಂದನಲ್ಲ, ಅದೇ ಬಗೆಯದು.

ನಾನು ಮೇಜು ಒರೆಸಿದೆ. ಅದು ಒಣಗಿಯೇ ಇತ್ತು.

"ಎಂಎ ಏನು ಹೇಳ್ತಾನೆ, ಕಾರ್ಡು ಬರೆದಿದ್ದೇ ಅವನು," ಎಂದ ಭಾವ. "ಮುಂದಿನದು ತಗೊಂಡ್ಬಾರೋ."

ತರಗತಿ ಮುಗಿದ ಮೇಲೆ ಹಾಲಿನವರು ಬಾಗಿಲ ಬಳಿ ನನಗಾಗಿ ನಿಂತಿದ್ದರು. ಟೋಪಿಯನ್ನು ಕೈಯಲ್ಲಿ ಮಡಚಿ ಹಿಡಿದಿದ್ದರು. "ನಿಮಗೆ ಮುಜುಗರ ಮಾಡ್ದೆ ಅನ್ಸುತ್ತೆ. ಬೇಜಾರು ಮಾಡ್ಕೋಬೇಡಿ. ಸೋಮವಾರ ಮ್ಯಾನೇಜರ್‌ಗೆ ಉತ್ತರ ಕೊಡ್ಬೇಕು. ಮೂಗು ಬಂದಿದೆ ಅಂತ ಹೇಳ್ಬಿಡ್ಬಹುದು, ಯಾರು ಪರೀಕ್ಷೆ ಮಾಡ್ತಾರೆ? ಆದ್ರೆ ಆ ಹಾಲು ಮಕ್ಕಳು ಕುಡಿಯುತ್ತವೆ. ಇಲ್ಲದ ರಟ್ಟು ವಾಸನೆ ಬರೋ ಮೂಗನ್ನ ನಂಬ್ಕೊಂಡು ಹೇಗೆ ನಿಲ್ಲೋದು ಅಲ್ಲಿ?" ಟೋಪಿಯ ಮಡಿಕೆ ಬಿಚ್ಚಿ ಮತ್ತೆ ಮಡಚಿದರು. "ಅದೊಂದು ಗೊತ್ತಾದ್ರೆ ಸಾಕು ನಂಗೆ."

ಒಳಗಿನಿಂದ ಭಾವ ಗುತ್ತಿಗೆದಾರನಿಗೆ ಅದೇ ವೈನನ್ನು ಪೆಟ್ಟಿಗೆಗಟ್ಟಲೆ ಮಾರುತ್ತಿದ್ದ ಸದ್ದು ಕೇಳುತ್ತಿತ್ತು. "ಹೋಗಿ ಬನ್ನಿ," ಎಂದೆ.

ಗ್ಲಾಸು ತೊಳೆಯಲು ಅಕ್ಕ ತರಗತಿ ನಡೆಯುವಾಗಲೇ ಹಿಂದಿನ ಕೋಣೆಗೆ ಬಂದಿದ್ದಳು. ಅವಳು ವೈನ್ ಕುಡಿಯುವುದಿಲ್ಲ. ಬಾಟಲಿಯ ತಳದಲ್ಲಿ ಉಳಿದಿದ್ದನ್ನು ಸಿಂಕಿಗೆ ಸುರಿಯುತ್ತ ಮುಖ ಹಿಂಡಿದಳು. ಗಾಳಿ ತಾಗಿದಷ್ಟೂ ಆ ವಾಸನೆ ಹೆಚ್ಚುತ್ತದೆ.

"ಥೂ! ಏನೋ ಇದು? ನೆಲ ಒರೆಸೋ ಬಟ್ಟೆ ನೆನೆಸಿಟ್ಟ ಹಾಗಿದೆ. ನೀನು ಮೂಸಿರ್ಲಿಲ್ವಾ?"

"ನೆಗಡಿ," ಎಂದೆ.

"ನೆಗಡಿಯಂತೆ. ಆ ಹಿರಿಯರು ಹೇಳಿದ್ದು ಸರಿಯಾಗೇ ಇತ್ತಲ್ಲೋ ಹಾಗಾದ್ರೆ! ನಿಮ್ಮ ಭಾವ ಎಲ್ಲರ ಮುಂದೆ ಅವರನ್ನ ಆಡಿಕೊಂಡಿದ್ದು ಇಲ್ಲಿವರೆಗೂ ಕೇಳಿಸ್ತು. ಪಾಪ, ಒಂದು ಫೋನ್ ಮಾಡಿ ಹೇಳ್ಬಿಡು. ನಂಬರ್ ರಿಜಿಸ್ಟರ್‌ನಲ್ಲಿರುತ್ತೆ."

"ಹೇಳ್ತೀನಿ."

"ಮರೀಬೇಡ ಕಣೋ."

ಮರೆಯಲಿಲ್ಲ. ಭಾನುವಾರ ಇಡೀ ದಿನ ನೆನಪಿತ್ತು. ರಿಜಿಸ್ಟರನ್ನು ಎರಡು ಸಲ ತೆರೆದೆ. ಅವರ ಅಕ್ಷರ ದುಂಡಗೆ, ಶಾಲೆಯ ಮಕ್ಕಳ ಅಕ್ಷರದ ಹಾಗಿತ್ತು. ಈಗ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ, ಏನೆನ್ನಲಿ ಎಂದು ಯೋಚಿಸಿದೆ. ಸೋಮವಾರ ಬೆಳಿಗ್ಗೆಯೂ ಯೋಚಿಸಿದೆ. ಆಮೇಲೆ ಸೋಮವಾರ ಮಧ್ಯಾಹ್ನವಾಯಿತು.

ಅವರು ತರಗತಿಗೆ ಮತ್ತೆ ಬರಲಿಲ್ಲ. "ಹಾಲಿನ ಯಜಮಾನ್ರಿಗೆ ವೈನ್ ದಕ್ಕಲಿಲ್ಲ ಬಿಡು," ಎಂದ ಭಾವ. ಅವರ ಕುರ್ಚಿಗೆ ಒಬ್ಬ ವಕೀಲ ಬಂದ. ಅವನಿಗೆ ಪ್ರತಿ ವೈನಿನಲ್ಲೂ ಚಾಕೊಲೇಟ್ ಕಾಣಿಸುತ್ತಿತ್ತು.

ಎರಡು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಅಂಗಡಿಯ ಶಟರು ಎತ್ತುತ್ತಿದ್ದಾಗ, ಎದುರಿನ ಬೇಕರಿ ಮುಂದೆ ಹಾಲಿನ ವ್ಯಾನು ನಿಂತಿತ್ತು. ಅವರು ಎರಡು ಕ್ರೇಟುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಇಳಿಸುತ್ತಿದ್ದರು. ನನ್ನನ್ನು ಕಂಡು ಕ್ರೇಟು ಕೆಳಗಿಟ್ಟು ರಸ್ತೆ ದಾಟಿ ಬಂದರು.

"ಚೆನ್ನಾಗಿದ್ದೀರಾ ತಮ್ಮಾ? ಮೂಗು ಹೋದ್ರೇನು, ಬೆನ್ನಿದೆಯಲ್ಲ," ಎಂದು ನಕ್ಕರು. ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿದ್ದರು.

ಏನಾದರೂ ಕೇಳಬೇಕಲ್ಲ ಎಂದು, "ಈಗ ವೈನ್ ಬಿಟ್ಟಿರಾ?" ಎಂದೆ.

"ಇಲ್ಲಪ್ಪ. ಊಟದ ಜೊತೆ ಒಂದು ಗ್ಲಾಸು ಇದ್ದೇ ಇದೆ. ಮನೆ ಹತ್ರದ ಅಂಗಡೀಲಿ ಯಾವುದು ಸಿಕ್ಕಿದ್ರೆ ಅದು." ಟೋಪಿ ಸರಿಮಾಡಿಕೊಂಡರು. "ಮೂಸೋದು ಬಿಟ್ಟಿದ್ದೀನಿ, ಅಷ್ಟೇ. ಒಂದೊಂದ್ಸಲ ಏನೇನೋ ವಾಸನೆ ಬರುತ್ತೆ. ಇದು ಇದೆಯೋ ಇಲ್ಲವೋ ಅಂತ ಯೋಚನೆ ಶುರುವಾಗುತ್ತೆ. ಯಾಕೆ ಬೇಕು? ಸುಮ್ನೆ ಕುಡಿದು ಎದ್ದೇಳ್ತೀನಿ."

ವ್ಯಾನಿನವನು ಹಾರ್ನ್ ಹೊಡೆದ. ಅವರು ಕೈ ಎತ್ತಿ, ರಸ್ತೆ ದಾಟಿ, ಬಗ್ಗಿ ಕ್ರೇಟು ಎತ್ತಿಕೊಂಡರು. ನಾನು ಶಟರನ್ನು ಪೂರ್ತಿ ಮೇಲೆತ್ತಿ ಒಳಗೆ ಹೋದೆ. ಆ ಕೆಂಪು ವೈನ್ ಕೆಳಗಿನ ಕಾರ್ಡು ಇನ್ನೂ ತೂಗುತ್ತಿತ್ತು.

ಆ ಬಾಟಲಿ ಕೆಟ್ಟಿತ್ತು, ನಿಮ್ಮ ಮೂಗು ಸರಿಯಾಗಿತ್ತು ಎಂದು ನಾನು ಅವರಿಗೆ ಹೇಳಲಿಲ್ಲ.