ಬ್ರೇಕ್ ಒತ್ತು, ಲೇನಿ

"ಒತ್ತಿದೀಯೇನಕ್ಕಾ?" ಟ್ರೈಲರಿನ ಹಿಂದಿನಿಂದ ಫ್ಲೋರಿಸ್ ಕೂಗಿದ.

"ಒತ್ತಿದೀನಿ ಕಣೋ."

"ಬ್ರೇಕನ್ನೇ ತಾನೆ?"

"ಇಲ್ಲ, ನಿನ್ನ ಕತ್ತನ್ನ!"

ಚರ್ಚಿನ ಅಂಗಳದಲ್ಲಿ ಸೇರಿದ್ದ ಜನ ನಗಬಹುದೋ ಬಾರದೋ ತಿಳಿಯದೆ ಟೋಪಿಗಳನ್ನು ಕೈಯಲ್ಲಿ ತಿರುವುತ್ತ ನೆಲ ನೋಡಿದರು. ಗಂಡನನ್ನು ಮಣ್ಣು ಮಾಡುವ ದಿನ ಹೆಂಡತಿಯಾದವಳು ಮೊದಲ ಬೆಂಚಿನಲ್ಲಿ ಕೂತು ಅಳಬೇಕು, ಪಿಕಪ್ಪಿನ ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ತುಳಿಯುವುದಲ್ಲ. ಆದರೆ ಅದನ್ನು ಲೇನಿಗೆ ಹೇಳುವವರು ಯಾರು? ಮೀನಿನ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಚಾಕು ಹಿಡಿದವಳ ಬಾಯಿಗೆ ಸಿಕ್ಕಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ.

ಪಿಕಪ್ಪಿನ ಹಿಂದೆ ಟ್ರೈಲರು, ಟ್ರೈಲರಿನ ಮೇಲೆ ಹಾಯಿದೋಣಿ. ಹಾಯಿಕಂಬವನ್ನು ಮಲಗಿಸಿ ಹಗ್ಗದಿಂದ ಬಿಗಿದಿದ್ದರು. ದೋಣಿಯೊಳಗೆ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಮಲಗಬೇಕಾದ ಗಂಡ ಎವರ್ಟ್ ಚರ್ಚಿನೊಳಗೆ ಪೆಟ್ಟಿಗೆಯಲ್ಲಿ ಕಾಯುತ್ತಿದ್ದ. ಸಮುದ್ರದಿಂದ ಎದ್ದ ಮಂಜು ಬೆಳಗಿನಿಂದ ಒಂದೊಂದೇ ಮನೆಯನ್ನು ನುಂಗುತ್ತ ಚರ್ಚಿನ ಮೆಟ್ಟಿಲ ತನಕ ಬಂದಿತ್ತು.

"ಈಗ ಯಾವುದು ಹತ್ತಿದೆ?" ಲೇನಿ ಕೇಳಿದಳು.

"ಏನಂತ ಹೇಳ್ಲಿ ಅಕ್ಕ! ಬ್ರೇಕ್ ಒತ್ತಿದ್ರೆ ತಿರುವಿನ ದೀಪ ಮಿಣುಕ್ತಿದೆ. ಎಡಕ್ಕೆ ಹಾಕಿದ್ರೆ ಎರಡೂ ಕಡೆ ಮಂಕಾಗಿ ಉರೀತಿದೆ. ಇದಕ್ಕೆ ಯಾವ ದೆವ್ವ ಹಿಡಿದಿದ್ಯೋ."

"ಮೊನ್ನೆ ತನಕ ಸರಿಯಾಗಿತ್ತಲ್ಲೋ!"

"ನಂಗೇನು ಗೊತ್ತು? ನಾನು ಬಣ್ಣ ಬಳಿಯೋನು. ವೈರು, ದೀಪ ಎಲ್ಲಾ ಎವರ್ಟನ ಕೆಲಸ."

ಅದು ನಿಜ. ಪಟ್ಟಣದವರು ರಜೆಗೆ ಬಂದು ಹಾಯಿ ಬಿಡುವ ಕ್ಲಬ್ಬಿನ ಅಂಗಳದಲ್ಲಿ ಇಬ್ಬರೂ ಒಟ್ಟಿಗೆ ಮುದುಕರಾದವರು. ಫ್ಲೋರಿಸ್ ದೋಣಿಗಳಿಗೆ ಬಣ್ಣ ಹಚ್ಚುತ್ತಿದ್ದ, ಎವರ್ಟ್ ಟ್ರೈಲರುಗಳನ್ನು ನೋಡಿಕೊಳ್ಳುತ್ತಿದ್ದ. ನಿನ್ನೆಯಿಡೀ ಫ್ಲೋರಿಸ್ ಮೂಗು ಒರೆಸಿಕೊಳ್ಳುತ್ತ ಗೆಳೆಯನ ಟ್ರೈಲರಿಗೆ ನೀಲಿ ಬಣ್ಣ ಬಳಿದಿದ್ದ. ಒಂದು ಚುಕ್ಕೆ ತುಕ್ಕು ಉಳಿಸಿರಲಿಲ್ಲ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ಟ್ರಾಫಿಕ್ ಪೊಲೀಸಿನ ಸಮವಸ್ತ್ರದಲ್ಲಿದ್ದ ಕ್ರಿಸ್ಪಿನ್ ಕಿಟಕಿಯ ಬಳಿ ಬಂದು ಬಗ್ಗಿದ. ಅವನ ನಾಮಕರಣದ ದಿನ ಇದೇ ಚರ್ಚಿನಲ್ಲಿ ಅವನನ್ನು ಎತ್ತಿಕೊಂಡು ನಿಂತವಳು ಲೇನಿ.

"ಆಂಟಿ, ಬೇಜಾರು ಮಾಡ್ಕೋಬೇಡಿ. ಸ್ಮಶಾನಕ್ಕೆ ಡಾಂಬರು ರಸ್ತೆ ಹತ್ತಲೇಬೇಕು. ಈ ಮಂಜಲ್ಲಿ ಮೀನಿನ ಲಾರಿಗಳು ಹೆಂಗೆ ಬರ್ತವೆ ಅಂತ ನಿಮಗೇ ಗೊತ್ತು. ಹಿಂದೆ ದೀಪ ಇಲ್ಲದ ಟ್ರೈಲರನ್ನ ನಾನು ಬಿಡೋ ಹಾಗಿಲ್ಲ."

"ಬಿಡದೇ ಇದ್ರೆ?"

ಕ್ರಿಸ್ಪಿನ್ ಗೇಟಿನ ಬಳಿ ನಿಂತಿದ್ದ ಕಪ್ಪು ವ್ಯಾನಿನ ಕಡೆ ಗದ್ದ ಎತ್ತಿದ. ಶವಸಂಸ್ಕಾರ ಸಂಘದ ವ್ಯಾನು ಅದು. ಚಾಲಕ ಒಳಗೆ ಕೂತು ಸೇಬು ತಿನ್ನುತ್ತಿದ್ದ.

"ಕೊನೆ ಹಾಡು ಮುಗಿಯೋ ತನಕ ಟೈಮಿದೆ ಆಂಟಿ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಅಂಕಲ್ ಅದರಲ್ಲೇ ಹೋಗ್ಲಿ."

ಲೇನಿ ತಿರುಗಿ ದೋಣಿಯನ್ನು ನೋಡಿದಳು. ಕ್ಲಬ್ಬಿನವರು ಕೆಲಸಕ್ಕೆ ಬಾರದೆಂದು ಬಿಸಾಡಿದ ದೋಣಿಯನ್ನು ಮನೆಗೆ ತಂದು, ಅದರ ತಳ ಕಟ್ಟುವುದರಲ್ಲೇ ಕೂದಲು ಬೆಳ್ಳಗಾಗಿಸಿಕೊಂಡ ಮನುಷ್ಯ ಎವರ್ಟ್. ಕೊನೆಗೆ ಕೇಳಿದ್ದು ಒಂದೇ: ನನ್ನ ದೋಣಿಯಲ್ಲೇ ಕಳಿಸು. ಆಯ್ತು ಮಾರಾಯ ಅಂದಿದ್ದಳು. ಆ ಮಾತನ್ನು ಈಗ ಒಂದು ಹಿಡಿ ವೈರು ಕೆಡಿಸುತ್ತಿತ್ತು.

\*\*\*

ಎವರ್ಟ್ ಇದ್ದ ದಿನಗಳಲ್ಲಿ ಸಂಜೆ ಒಲೆ ಹಚ್ಚುವ ಹೊತ್ತಿಗೇ ಹಿತ್ತಲಿನಿಂದ ಅವನ ಕೂಗು ಬರುತ್ತಿತ್ತು.

"ಲೇನೀ! ಬಾ ಇಲ್ಲಿ, ಒಂದು ಕಾಲು ಬೇಕಿತ್ತು."

ಕ್ಲಬ್ಬಿನವರ ಯಾವುದಾದರೊಂದು ಟ್ರೈಲರು ರಿಪೇರಿಗೆಂದು ಮನೆಯ ಹಿಂದೆ ಇದ್ದೇ ಇರುತ್ತಿತ್ತು. ಬಲ್ಬು ಬಿಸಿ ಇರುವಾಗಲೇ ಟ್ರೈಲರನ್ನು ನೀರಿಗಿಳಿಸಿ ದೀಪ ಸಿಡಿಸಿಕೊಂಡು ಬರುವುದು ಪಟ್ಟಣದವರ ರೂಢಿ. ಉಪ್ಪುನೀರು ಉಳಿದದ್ದನ್ನು ತಿನ್ನುತ್ತಿತ್ತು. ಲೇನಿ ಹಿಟ್ಟಿನ ಕೈಯಲ್ಲೇ ಹೋಗಿ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದಳು. ಎದುರಿಗೆ ನೆರೆಮನೆಯ ಗೋಡೆ. ಹಿಂದೆ ಎಲ್ಲೋ ಗಂಡ.

"ಎಡ."

"ಹಾಕ್ದೆ."

"ಬಲ."

"ಹಾಕ್ದೆ. ಬೇಗ ಮುಗಿಸೋ, ಮೀನು ಸೀದುಹೋಗುತ್ತೆ."

"ಬ್ರೇಕ್ ಒತ್ತು, ಲೇನಿ... ಹತ್ತಿತು! ಹಾಗೇ ಒತ್ತಿರು ಸ್ವಲ್ಪ."

ಆ ಸ್ವಲ್ಪ ಯಾವತ್ತೂ ಸ್ವಲ್ಪದಲ್ಲಿ ಮುಗಿಯುತ್ತಿರಲಿಲ್ಲ. ಅವನು ಕ್ಲಬ್ಬಿನ ಸುದ್ದಿ ಹೇಳುತ್ತಿದ್ದ, ಅವಳು ಕಾರ್ಖಾನೆಯ ಮೇಸ್ತ್ರಿಯನ್ನು ಬೈಯುತ್ತಿದ್ದಳು. ದೀಪ ಹತ್ತಿದ್ದನ್ನು ಮಾತ್ರ ಅವಳು ಒಮ್ಮೆಯೂ ನೋಡಿದವಳಲ್ಲ. ಕಾಲು ತೆಗೆದರೆ ಆರುತ್ತದೆ, ತೆಗೆಯದೆ ಹಿಂದೆ ಹೋಗುವ ಹಾಗಿಲ್ಲ.

"ಒಂದು ಇಟ್ಟಿಗೆ ಇಡೋಕಾಗಲ್ವಾ ನಿಂಗೆ?" ಎಂದು ಒಮ್ಮೆ ಸಿಟ್ಟಿನಲ್ಲಿ ಕೇಳಿದ್ದಳು.

"ಇಟ್ಟಿಗೆ ಜಾರುತ್ತೆ," ಅಂದಿದ್ದ.

\*\*\*

ಚರ್ಚಿನ ಗಂಟೆ ಬಾರಿಸಿತು. ಮಗಳು ಜೊಲೀನ್ ಚರ್ಚಿನ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದಳು.

"ಒಳಗೆ ಹೋಗಕ್ಕ," ಅಂದ ಫ್ಲೋರಿಸ್. "ನಾನು ನೋಡ್ಕೋತೀನಿ. ಬ್ರೇಕಿಗೆ ಹೆಂಗೂ ಕೋಲಿದೆಯಲ್ಲ."

"ಯಾವ ಕೋಲು?"

ಅವನು ಬಗ್ಗಿ ಸೀಟಿನ ಕೆಳಗೆ ಕೈ ತೂರಿಸಿ ಒಂದು ಕೋಲನ್ನು ಎಳೆದ. ದೋಣಿಯ ಹಳೆಯ ಹುಟ್ಟಿನ ಹಿಡಿಯಿಂದ ಕತ್ತರಿಸಿದ್ದು. ಒಂದು ತುದಿಗೆ ಬೂಟಿನ ರಬ್ಬರು ಬಡಿದಿತ್ತು, ಇನ್ನೊಂದು ತುದಿ ಸವೆದು ನುಣುಪಾಗಿತ್ತು.

"ಇದೇ, ಎವರ್ಟನ ಕೋಲು. ಈ ಕಡೆ ಪೆಡಲಿಗೆ, ಆ ಕಡೆ ಸೀಟಿಗೆ. ಅಲ್ಲಾಡಲ್ಲ."

"ಯಾವಾಗಿಂದ ಇದೆ ಇದು?"

"ಈ ಗಾಡಿ ಬಂದಾಗಿಂದ. ಹಳೇ ಗಾಡೀಲೂ ಒಂದಿತ್ತು. ಕ್ಲಬ್ಬಲ್ಲಿ ಅಷ್ಟೊಂದು ಟ್ರೈಲರಿಗೆ ದೀಪ ಹಾಕಿದಾನಲ್ಲ, ಅಲ್ಲಿಗೆ ನಿನ್ನನ್ನ ಎಲ್ಲಿಂದ..." ಲೇನಿಯ ಮುಖ ನೋಡಿ ಅವನು ಅಲ್ಲಿಗೇ ನಿಲ್ಲಿಸಿದ. "ನಿಂಗೆ ಗೊತ್ತಿತ್ತು ಅಂದ್ಕೊಂಡಿದ್ದೆ."

ಲೇನಿ ಕೋಲನ್ನು ಅವನ ಕೈಯಿಂದ ಕಿತ್ತುಕೊಂಡಳು. ಕೋಲು ಹಿಡಿದೇ ಚರ್ಚಿನೊಳಗೆ ನಡೆದಳು.

\*\*\*

ಪಾದ್ರಿ ಎವರ್ಟನ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡುತ್ತಿದ್ದರು. ಶ್ರಮಜೀವಿ, ಮಿತಭಾಷಿ, ಚರ್ಚಿನ ಮಾಡಿಗೆ ತಗಡು ಹಾಕಿಕೊಟ್ಟವನು. ಲೇನಿಯ ಕಿವಿಗೆ ಒಂದೂ ಬೀಳಲಿಲ್ಲ. ಅವಳ ಕಣ್ಣು ಪೆಟ್ಟಿಗೆಯ ಮೇಲಿತ್ತು, ಕೋಲು ತೊಡೆಯ ಮೇಲಿತ್ತು.

"ಅಮ್ಮಾ, ಏನದು?" ಜೊಲೀನ್ ಪಿಸುಗುಟ್ಟಿದಳು.

"ನಿಮ್ಮಪ್ಪನ ಎರಡನೇ ಹೆಂಡ್ತಿ."

"ಅಮ್ಮಾ!"

ಲೇನಿಗೆ ಸಿಟ್ಟು ನೆತ್ತಿಗೇರಿತ್ತು. ಎಷ್ಟು ಸಂಜೆ ಹಿಟ್ಟು ಹುಳಿಯಾಯಿತು, ಎಷ್ಟು ಮೀನು ಕರಿಯಾಯಿತು! ಇಂಥ ಕೋಲು ಸೀಟಿನಡಿಯಲ್ಲೇ ಬಿದ್ದಿರುವಾಗ ಮಂಡಿನೋವಿನ ಹೆಂಗಸನ್ನು ಅಡುಗೆಮನೆಯಿಂದ ಎಬ್ಬಿಸಿ ತಂದು ಗೋಡೆ ನೋಡುತ್ತ ಕೂರಿಸಿದನಲ್ಲ, ಯಾಕೆ? ತಮಾಷೆಗೆ? ಎವರ್ಟ್ ತಮಾಷೆಯ ಮನುಷ್ಯನಲ್ಲ. ಇಟ್ಟಿಗೆ ಜಾರುತ್ತದಂತೆ! ಎದ್ದು ಹೋಗಿ ಪೆಟ್ಟಿಗೆಯ ಮುಚ್ಚಳ ತಟ್ಟಿ ಕೇಳೋಣವೆನಿಸಿತು. ಕೇಳಿದರೆ ಮಾತ್ರ ಏನು, ಎದುರಿಗೆ ಕೂರಿಸಿ ಕೇಳಿದಾಗ ಆ ಮನುಷ್ಯ ಯಾವತ್ತು ಬಾಯಿಬಿಟ್ಟಿದ್ದ? ಅವನ ಮಾತೆಲ್ಲ ಬಂದದ್ದು ಬೆನ್ನ ಹಿಂದಿನಿಂದಲೇ.

ಸಿಟ್ಟು ಅಲ್ಲಿಗೆ ಬಂದು ಗೊಂದಲದಲ್ಲಿ ನಿಂತುಬಿಟ್ಟಿತು.

\*\*\*

ಹೋದ ಬೇಸಿಗೆ ಕಳೆಯುತ್ತಿದ್ದ ದಿನಗಳು. ಎವರ್ಟ್ ಸ್ವಂತ ದೋಣಿಯ ಟ್ರೈಲರಿಗೆ ಹೊಸ ದೀಪ ಹಾಕುತ್ತಿದ್ದ. ಕೆಮ್ಮು ಬಂದಾಗಲೆಲ್ಲ ಕೆಲಸ ನಿಲ್ಲುತ್ತಿತ್ತು.

"ಎಡ."

"ಹಾಕ್ದೆ."

"ಬಲ."

"ಹಾಕ್ದೆ."

ಅವಳ ಬೆನ್ನ ಹಿಂದೆಯೇ, ಪಿಕಪ್ಪಿಗೂ ಟ್ರೈಲರಿಗೂ ಕೊಂಡಿ ಇರುವ ಜಾಗದಲ್ಲಿ, ಕರಕರ ಎಂದು ಕೆರೆಯುವ ಸದ್ದು ಬಂತು. ಸದ್ದು ನಿಂತಿತು.

"ಲೇನಿ, ಡಾಕ್ಟರು ಹೇಳಿದ್ರು. ಚಳಿಗಾಲ ಕಾಣೋದು ಕಷ್ಟವಂತೆ."

ಅವಳು ಗೋಡೆ ನೋಡಿದಳು. ತಿರುಗಲಿಲ್ಲ. ತಿರುಗಿದ್ದರೆ ಇಬ್ಬರಿಗೂ ಆಗುತ್ತಿರಲಿಲ್ಲ.

"ನೋವಾಗುತ್ತಾ?" ಎಂದು ಗೋಡೆಯನ್ನೇ ಕೇಳಿದಳು.

"ರಾತ್ರಿ ಹೊತ್ತು ಆಗುತ್ತೆ." ಆಮೇಲೆ, "ಬ್ರೇಕ್ ಒತ್ತು."

ಒತ್ತಿದಳು. ಪೆಡಲು ತಳಕ್ಕೆ ತಾಗುವಷ್ಟು ಒತ್ತಿದಳು.

"ಹತ್ತಿತು," ಎಂದಿತು ಹಿಂದಿನ ದನಿ. "ಹಾಗೇ ಒತ್ತಿರು ಸ್ವಲ್ಪ."

ಆಮೇಲೆ ಒಳಗೆ ಬಂದು ಇಬ್ಬರೂ ಎದುರುಬದುರು ಕೂತು ಊಟ ಮಾಡಿದರು. ಮೀನಿನಲ್ಲಿ ಮುಳ್ಳು ಜಾಸ್ತಿ ಎಂದಷ್ಟೇ ಅಂದ ಅವನು.

\*\*\*

ಜನ ಕೊನೆಯ ಹಾಡಿಗೆ ಎದ್ದು ನಿಂತರು. ಲೇನಿಯೂ ಎದ್ದಳು. ಆ ಕರಕರ ಸದ್ದು ತಲೆಯಲ್ಲೇ ಉಳಿದಿತ್ತು. ಅಷ್ಟೂ ವರ್ಷಗಳಲ್ಲಿ ಆ ಸದ್ದಿಲ್ಲದೆ ಅವನು ಹತ್ತಿತು ಎಂದದ್ದೇ ಇಲ್ಲ. ಇವತ್ತು ಆ ಸದ್ದು ಕೇಳಿಸಲೇ ಇಲ್ಲ.

ಹಾಡುತ್ತಿದ್ದವರ ನಡುವೆ ಕೋಲು ಊರಿಕೊಂಡು ಅವಳು ಹೊರಗೆ ನಡೆದಾಗ ಪಾದ್ರಿಯ ದನಿ ಒಂದು ಕ್ಷಣ ತಪ್ಪಿತು.

ಫ್ಲೋರಿಸ್ ಟ್ರೈಲರಿನ ಹಿಂದೆ ಮಂಡಿಯೂರಿ ವೈರುಗಳಿಗೆ ಶಾಪ ಹಾಕುತ್ತಿದ್ದ.

"ಲೋ, ಹಿಂದೆ ಏನು ಹುಡುಕ್ತಿದೀಯ? ಮುಂದೆ ಬಾ. ಅವನು ಇಲ್ಲಿ ಏನೋ ಕೆರೀತಿದ್ದ. ನನ್ನ ಬೆನ್ನ ಹಿಂದೆಯೇ."

"ಏನು ಕೆರೀತಿದ್ದ?"

"ನಾನು ನೋಡಿದ್ರೆ ತಾನೇ ಹೇಳೋಕೆ? ಸದ್ದು ಕೇಳಿಸ್ತಿತ್ತು. ಕಬ್ಬಿಣ ಉಜ್ಜಿದ ಹಾಗೆ."

ಫ್ಲೋರಿಸ್ ಕೊಂಡಿಯ ಬಳಿ ಬಗ್ಗಿದ. ಟ್ರೈಲರಿನ ಕಬ್ಬಿಣಕ್ಕೆ ಬಿಳಿ ವೈರನ್ನು ಬಿಗಿದ ಬೋಲ್ಟು ಅಲ್ಲಿತ್ತು. ಅದರ ಅಡಿಯಲ್ಲಿ ದಪ್ಪಗೆ ನೀಲಿ ಬಣ್ಣ.

"ಅಯ್ಯೋ, ನನ್ನ ಕೈ ಸೇದಿಹೋಗ!" ಅವನು ಹಣೆ ಚಚ್ಚಿಕೊಂಡ. "ಅರ್ತ್ ವೈರು ಅಕ್ಕ! ಬರಿ ಕಬ್ಬಿಣಕ್ಕೆ ತಾಗಬೇಕು, ಇಲ್ಲಾಂದ್ರೆ ಕರೆಂಟು ಹರಿಯಲ್ಲ ಅಂತಿದ್ದ. ನಾನೇ ನಿನ್ನೆ ಬಿಚ್ಚಿ, ಬಣ್ಣ ಬಳಿದು, ಮೇಲೆ ಕೂರಿಸಿದೀನಿ. ಚೆಂದ ಕಾಣ್ಲಿ ಅಂತ."

"ನಿನ್ನ ಚೆಂದ ಅವನನ್ನ ಆ ವ್ಯಾನಿಗೆ ಹತ್ತಿಸ್ತಿತ್ತು. ಕೆರೀ ಬೇಗ!"

ಒಳಗೆ ಹಾಡಿನ ಕೊನೆಯ ಚರಣ ಶುರುವಾಗಿತ್ತು. ವ್ಯಾನಿನವನು ಸೇಬಿನ ಬೀಜ ಉಗಿದು ಇಂಜಿನ್ ಚಾಲೂ ಮಾಡಿದ. ಲೇನಿ ಸೀಟು ಹತ್ತಿ ಕೂತಳು. ಬೆನ್ನ ಹಿಂದೆ ಚಾಕು ಬಣ್ಣ ಕೆರೆಯುವ ಸದ್ದು. ಅವಳ ಕಣ್ಣು ತುಂಬಿ ಬಂತು. ಚರ್ಚಿನಲ್ಲಿ ಬಾರದ ಅಳು ಇಲ್ಲಿ, ಈ ಹರಕು ಸೀಟಿನಲ್ಲಿ ಬಂತು.

"ಬ್ರೇಕ್ ಒತ್ತಕ್ಕಾ!"

ಒತ್ತಿದಳು.

"ಹತ್ತಿತು! ಎರಡೂ ಹತ್ತಿತು ಕಣಕ್ಕಾ!"

ಕ್ರಿಸ್ಪಿನ್ ಹಿಂದೆ ಹೋಗಿ ನೋಡಿದ. ಎಡ ಹಾಕಿಸಿದ, ಬಲ ಹಾಕಿಸಿದ. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ವ್ಯಾನಿನವನಿಗೆ ಹೋಗು ಎಂದು ಕೈಯಾಡಿಸಿದ.

\*\*\*

ಗುಡ್ಡದ ಮೇಲಿನ ಸ್ಮಶಾನದಲ್ಲಿ ಎಲ್ಲ ಮುಗಿದಾಗಲೂ ಮಂಜು ಹಾಗೇ ಇತ್ತು. ಜನ ಕೈಯ ಮಣ್ಣು ಒರೆಸಿಕೊಂಡು, ಸಭಾಮಂದಿರದಲ್ಲಿ ಕಾಯುತ್ತಿದ್ದ ಚಹಾ ಮತ್ತು ಕರಿದ ಬ್ರೆಡ್ಡಿನ ಕಡೆಗೆ ಇಳಿಯತೊಡಗಿದರು. ಅಮ್ಮನನ್ನು ಹುಡುಕುತ್ತ ಗೇಟಿಗೆ ಬಂದ ಜೊಲೀನ್ ಪಿಕಪ್ಪನ್ನು ನೋಡಿ ನಿಂತಳು.

ಲೇನಿ ಡ್ರೈವರ್ ಸೀಟಿನಲ್ಲಿ ಕೂತಿದ್ದಳು. ಕೋಲು ಪಕ್ಕದ ಸೀಟಿನಲ್ಲಿತ್ತು. ಕನ್ನಡಿಯಲ್ಲಿ ಅವಳಿಗೆ ಖಾಲಿ ದೋಣಿ ಕಂಡಿತು, ಅದರಾಚೆ ಮಂಜು. ಮಂಜು ಕೆಂಪಾಗಿತ್ತು. ಗೋಡೆ ನೋಡುತ್ತ ಕೂತ ಅಷ್ಟೂ ಸಂಜೆಗಳಲ್ಲಿ ಈ ಕೆಂಪು ತನ್ನ ಬೆನ್ನಿಗಿತ್ತೇ ಎಂದು ಅವಳಿಗೆ ಆಶ್ಚರ್ಯವಾಯಿತು.

"ಹತ್ತಿತಾ?" ಅಂದಳು, ಮೆಲ್ಲಗೆ, ಮುಂದಿನ ಗಾಜಿಗೆ.

"ಅಮ್ಮ ಬ್ರೇಕ್ ಮೇಲಿಂದ ಕಾಲೇ ತೆಗೀತಿಲ್ಲ," ಜೊಲೀನ್ ಗೇಟಿನ ಬಳಿ ನಿಂತಿದ್ದ ಫ್ಲೋರಿಸನಿಗೆ ಅಂದಳು. "ಬ್ಯಾಟರಿ ಇಳಿದುಹೋಗುತ್ತೆ, ಹೇಳ್ತೀನಿ ಇರಿ."

ಫ್ಲೋರಿಸ್ ಅವಳ ತೋಳು ಹಿಡಿದ.

"ಇಳೀಲಿ ಬಿಡು. ತಳ್ಕೊಂಡು ಹೋಗೋಣ."

ಟ್ರೈಲರಿನ ಹಿಂದೆ ಯಾರೂ ಇರಲಿಲ್ಲ. ಎರಡು ದೀಪಗಳೂ ಉರಿಯುತ್ತಲೇ ಇದ್ದವು.