ಗಂಡು ಚಿಟ್ಟೆಯನ್ನು ಯಾರೂ ನೋಡುವುದಿಲ್ಲ

2025ರ ಜುಲೈ 14, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಚಿಕ್ಕಬಳ್ಳಾಪುರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ತನುಜ, ಅಂಬರೀಶನ ರಕ್ತಪರೀಕ್ಷೆಯ ವರದಿಯನ್ನು ಗಂಡಹೆಂಡಿರ ಕಡೆಗೆ ತಿರುಗಿಸಿಟ್ಟರು. ಹೆಂಡತಿ ಕಲ್ಯಾಣಿಗೆ ಮೂರು ಸಲ ಗರ್ಭ ನಿಂತಿರಲಿಲ್ಲ. ಇದು ನಾಲ್ಕನೆಯದು, ಒಂಬತ್ತನೇ ವಾರ.

ಮೂರು ಸಲವೂ ಪರೀಕ್ಷೆ ನಡೆದದ್ದು ಕಲ್ಯಾಣಿಗೆ ಮಾತ್ರ. ಅಂಬರೀಶ್ ಶಿಡ್ಲಘಟ್ಟದಲ್ಲಿ ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವನು. ಅಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ನೋಡಿ, ಗಂಟುರೋಗವಿದ್ದರೆ ಅದರ ಮೊಟ್ಟೆಗಳನ್ನೆಲ್ಲ ಸುಡುತ್ತಾರೆ. ರೋಗ ದಾಟುವುದು ತಾಯಿಯಿಂದ; ಗಂಡನ್ನು ಯಾರೂ ನೋಡುವುದಿಲ್ಲ.

"ನಮ್ ಕೋಠೀಲಿ ಗಂಡನ್ನ ಅರೆಯೋ ಪದ್ಧತಿ ಇಲ್ಲ ಕಣೇ," ಎಂದು, ರಕ್ತ ಕೊಡಲು ಕರೆದಾಗ ಪ್ರತಿ ಸಲವೂ ನಕ್ಕಿದ್ದ.

ಈ ಸಲ ಕಲ್ಯಾಣಿ ಬಿಟ್ಟಿರಲಿಲ್ಲ. "ನಿಮ್ಮನ್ನ ಯಾರೂ ಅರೆಯಲ್ಲ. ಒಂದು ಸಿರಿಂಜು ರಕ್ತ ಕೊಡಿ ಸಾಕು."

ತನುಜ ಹಾಳೆಯ ಮೇಲೆ ಎರಡು ಗೆರೆ ಎಳೆದರು. "ಪ್ರತಿ ವರ್ಣತಂತುವಿನಲ್ಲೂ ಸೆಂಟ್ರೋಮಿಯರ್ ಅಂತ ಒಂದು ಜಾಗ ಇರತ್ತೆ. ಕೋಶ ಒಡೆಯೋವಾಗ ಅಲ್ಲಿ ಕೈನೆಟೋಕೋರ್ ಅನ್ನೋ ಹಿಡಿ ಕಟ್ಕೊಳತ್ತೆ. ಕೋಶದ ಎರಡು ತುದಿಯಿಂದ ಬರೋ ಎಳೆಗಳು ಆ ಹಿಡೀನ ಹಿಡಿದು, ಜೋಡೀಲಿ ಒಂದನ್ನ ಈ ಕಡೆ, ಇನ್ನೊಂದನ್ನ ಆ ಕಡೆ ಎಳೀತವೆ. ನಿಮ್ಮ ಇಪ್ಪತ್ತೊಂದನೇ ಜೋಡಿ ಅಂಟಿ ಒಂದಾಗಿದೆ. ಕೆಲಸ ಮಾಡೋ ಹಿಡಿ ಒಂದೇ. ವೀರ್ಯಾಣು ಆಗೋವಾಗ ಎಳೆದ್ರೆ ಎರಡೂ ಒಂದೇ ಕಡೆ ಹೋಗ್ತವೆ."

"ಇನ್ನೊಂದು ಕಡೆಗೆ?"

"ಏನೂ ಹೋಗಲ್ಲ."

"ನಾನು ಚೆನ್ನಾಗೇ ಇದೀನಲ್ಲ ಮೇಡಂ."

"ನಿಮ್ಮಲ್ಲಿ ಎರಡೂ ಇವೆಯಲ್ಲ, ಅಂಟಿದ್ರೂನೂ. ಮಗುವಿಗೆ ಮಾತ್ರ ತಾಯಿದೂ ಸೇರಿ ಮೂರಾಗತ್ತೆ, ಇಲ್ಲಾ ತಾಯಿದೊಂದೇ ಉಳಿಯತ್ತೆ. ಒಂದೇ ಆದ್ರೆ ಗರ್ಭ ನಿಲ್ಲಲ್ಲ. ಮೂರಾದ್ರೆ ಡೌನ್ ಸಿಂಡ್ರೋಮ್. ಮೂರಾದ್ರೂ ಎಷ್ಟೋ ಸಲ ನಿಲ್ಲಲ್ಲ. ಸರಿಯಾಗಿ ಎರಡು ಬರೋ ದಾರಿ ಇಲ್ಲ."

ಅಂಬರೀಶ್ ಗೆರೆಗಳನ್ನೇ ನೋಡುತ್ತಿದ್ದ. "ನಾನು ಮೊದಲನೇ ಸಲವೇ ರಕ್ತ ಕೊಟ್ಟಿದ್ರೆ?"

"ಮೊದಲೇ ಗೊತ್ತಾಗ್ತಿತ್ತು. ಅಷ್ಟೇ."

"ಮೂರಿದ್ರೂ ನನ್ ಮಗೂನೇ," ಎಂದಳು ಕಲ್ಯಾಣಿ. "ನಾನು ಸಾಕ್ತೀನಿ. ಸ್ಕ್ಯಾನ್ ಮಾಡಿ ಮೇಡಂ."

ಪಕ್ಕದ ಕೋಣೆಯಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸ್ಕ್ಯಾನಿನ ಬೂದು ಪರದೆಯ ನಡುವೆ ಒಂದು ಬಿಳಿ ಕಾಳು ಕಂಡಿತು. ಅದು ಅಲುಗುತ್ತದೆಯೇ ಎಂದು ಅಂಬರೀಶ್ ಕಣ್ಣು ಕೀಲಿಸಿ ಕಾದ. ತನುಜ ಸ್ಕ್ಯಾನಿನ ಹಿಡಿಕೆಯ ಕೋನ ಬದಲಿಸಿ ಮತ್ತೊಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು.

"ಮಿಡಿತ ಇದ್ಯಾ?" ಗೋಡೆಯ ಕಡೆಯಿಂದಲೇ ಕಲ್ಯಾಣಿ ಕೇಳಿದಳು.

"ಇಲ್ಲಮ್ಮ."

ಒಂಬತ್ತು ವಾರಕ್ಕೆ ಭ್ರೂಣ ಇಪ್ಪತ್ತಮೂರು ಮಿಲಿಮೀಟರ್ ಇರಬೇಕಿತ್ತು. ಅಳತೆ ಹನ್ನೊಂದು ಮಿಲಿಮೀಟರ್, ಏಳು ವಾರದಷ್ಟೇ.