ಬೆರಳು ತಾಳುವಷ್ಟು ಬಿಸಿ

“ತಿಕ್ಕಬೇಡ ಕಣೆ, ಅದು ಹೋಗಲ್ಲ,” ಎಂದಳು ಗುರುಸಿದ್ದಮ್ಮ.

ಗಂಡ ಚನ್ನಬಸವಯ್ಯನವರ ದೇಹವನ್ನು ಗೋಡೆಗೊರಗಿಸಿ ಕೂರಿಸಿದ್ದರು. ಮಗಳು ಪ್ರೇಮಕುಮಾರಿ ಅಪ್ಪನ ಉಗುರಿಗಂಟಿದ್ದ ಅಯೋಡಿನ್ ಕಲೆಯನ್ನು ಒದ್ದೆಬಟ್ಟೆಯಿಂದ ಉಜ್ಜುತ್ತಿದ್ದಳು.

“ನೋಡಿದೋರು ಏನಂದಾರು?”

“ಹಳೇಕೋಟೆ ಸ್ಕೂಲ್ ಮೇಷ್ಟ್ರ ಬೆರಳು ಅಂತಾರೆ. ಬಿಡು.”

ಜಗಲಿಯಲ್ಲಿ ಸ್ಕೂಲಿನ ಇನ್ನೊಬ್ಬ ಮೇಷ್ಟ್ರು ಗಂಗಾಧರಯ್ಯ ನಿಟ್ಟುಸಿರಿಟ್ಟರು. “ಹತ್ತು ವರ್ಷ ರಾಗಿ ಮೊಳಕೆ ಅಂತ ಕೂತ. ಮೈಸೂರು ಯೂನಿವರ್ಸಿಟಿಗೆ ಬರೆದು ಕಳಿಸೋ ಅಂದ್ರೆ ಕೇಳ್ಲಿಲ್ಲ. ಹೆಸರಾದ್ರೂ ಉಳೀತಿತ್ತು.”

ಬೇಲಿಯಾಚೆ ಕೂಲಿಯ ಮಲ್ಲಿಗಮ್ಮ ಹತ್ತು ವರ್ಷದ ಮಗಳು ಕೆಂಪಿಯ ಕೈಹಿಡಿದು ನಿಂತಿದ್ದಳು. “ಮೇಷ್ಟ್ರು ಅಂಗೇ ಓಗ್ಬುಟ್ರಾ, ಅವ್ವಾ?”

“ಅಲ್ಯಾಕೆ ನಿಂತೆ? ಒಳಗೆ ಬಾ,” ಎಂದು ಗುರುಸಿದ್ದಮ್ಮ ಕರೆದಳು.

ಮಲ್ಲಿಗಮ್ಮ ಹಿಂಜರಿದಳು. ಕೆಂಪಿ ಹಿಂಜರಿಯಲಿಲ್ಲ.

*

ಅದು ಹತ್ತು ವರ್ಷದ ಹಿಂದೆ, ಸಾವಿರದ ಒಂಬೈನೂರ ಮೂವತ್ತೆಂಟರ ಚಳಿಗಾಲ. ರಾಗಿ ಗಂಜಿ ಗಟ್ಟಿಯಾದರೆ ಕೂಸು ನುಂಗದು, ನೀರಾದರೆ ಮೈಗೆ ಹತ್ತದು. ಮೊಳಕೆ ರಾಗಿಯಲ್ಲಿ ಗಂಜಿಯನ್ನು ಕರಗಿಸುವ ಕಿಣ್ವವಿದೆಯೆಂದು ಚನ್ನಬಸವಯ್ಯ ಓದಿದ್ದರು. ಅದರ ಕಸುವನ್ನು ಅಳೆಯಲು ಹೊರಟರು. ಗಂಜಿಗೆ ಮೊಳಕೆಯ ರಸ ಬೆರೆಸುವುದು, ನಿಮಿಷಕ್ಕೊಂದು ಹನಿ ತೆಗೆದು ತಟ್ಟೆಯಲ್ಲಿ ಅಯೋಡಿನ್ ಸೋಕಿಸುವುದು. ಗಂಜಿಯ ಪಿಷ್ಟ ಇರುವತನಕ ನೀಲಿ, ಕರಗಿತೆಂದರೆ ನೀಲಿಯಿಲ್ಲ.

ಆದರೆ ಒಂದೇ ಮೊಳಕೆ ಬೆಳಗ್ಗೆ ನಲವತ್ತು ನಿಮಿಷ ತೆಗೆದುಕೊಂಡರೆ ಮಧ್ಯಾಹ್ನ ಹದಿನೆಂಟು! ಅಯೋಡಿನ್ ಬದಲಿಸಿದರು, ರಾಗಿ ಬದಲಿಸಿದರು, ಗಡಿಯಾರವನ್ನೂ ಬೈದರು.

“ಬೆಳಗ್ಗೆ ನೀರು ಕೊರೀತದೆ, ಮಧ್ಯಾಹ್ನ ಬೆಚ್ಚಗಿರ್ತದೆ,” ಎಂದಳು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಗುರುಸಿದ್ದಮ್ಮ. “ಮೊಸರು ಹೆಪ್ಪಾಗೋಕೂ ಬೆಚ್ಚಗಿರಬೇಕಲ್ಲ?”

ಮೇಷ್ಟ್ರು ಅವಳನ್ನೇ ನೋಡಿದರು. ಅಂದಿನಿಂದ ಗಂಜಿಯ ಬಟ್ಟಲು ಬಿಸಿನೀರಿನ ಬೋಗುಣಿಯಲ್ಲಿ ಕೂತಿತು, ಪಕ್ಕದಲ್ಲಿ ಸ್ಕೂಲಿನ ಥರ್ಮಾಮೀಟರು. ಮೂರನೇ ದಿನದ ಮೊಳಕೆಯೇ ಚುರುಕು. ಬಿಸಿ ಏರಿದಂತೆ ನೀಲಿ ಬೇಗಬೇಗ ಅಳಿಯಿತು. ಕುದಿಯುವ ಗಂಜಿಗೆ ಹಾಕಿದಾಗ ಮಾತ್ರ ಗಂಟೆಯಾದರೂ ಅಳಿಯಲಿಲ್ಲ.

“ಸತ್ತುಹೋಯ್ತು ಕಣೆ! ಊರಿನವರೆಲ್ಲ ಮೊಳಕೆ ಹಿಟ್ಟು ಕುದಿಸಿ ಕೆಡಿಸ್ತಿದ್ದಾರೆ!” ಮಗುವಿನಂತೆ ಕುಣಿದರು.

ಮಲ್ಲಿಗಮ್ಮನ ಎಂಟು ತಿಂಗಳ ಕೂಸು ಕೆಂಪಿಯ ಪಕ್ಕೆಲುಬು ಎಣಿಸುವಂತಿತ್ತು. ಗಂಜಿ ಕೊಟ್ಟರೆ ಕಕ್ಕುತ್ತಿತ್ತು. ಗುರುಸಿದ್ದಮ್ಮ ಗಟ್ಟಿ ಗಂಜಿ ಕಾಯಿಸಿ ಇಳಿಸಿದಳು. ಕಿರುಬೆರಳು ಅದ್ದಿದಳು, ಸುಟ್ಟಿತು, ಕಾದಳು. ಬೆರಳು ತಾಳಿದಾಗ ಒಂದು ಚಮಚ ಮೊಳಕೆ ಹಿಟ್ಟು ಬೆರೆಸಿದಳು. ಸ್ವಲ್ಪ ಹೊತ್ತಿಗೆ ಗಂಜಿ ಹಾಲಿನಂತೆ ಹರಿಯಿತು. ಕೂಸು ಒಂದು ಗುಟುಕು ನುಂಗಿತು, ಬಾಯಿ ಚಪ್ಪರಿಸಿತು, ಇನ್ನೂ ಬೇಕೆಂದು ಚಮಚವನ್ನೇ ಹಿಡಿಯಿತು.

“ಬರೆದು ಕಳಿಸ್ರಿ,” ಎಂದಿದ್ದಳು ಗುರುಸಿದ್ದಮ್ಮ ಅವತ್ತೇ.

“ಮೊದ್ಲು ನಮ್ಮ ಬೀದಿ ಮುಗೀಲಿ.”

ಅದಾದಮೇಲೆ ಬೀದಿ ಮುಗಿಯಲೇ ಇಲ್ಲ. ಮನೆಮನೆಗೂ ಹೋಗಿ ಬೆರಳದ್ದಿ ತೋರಿಸುವುದರಲ್ಲೇ ವರ್ಷಗಳು ಕಳೆದವು.

*

ತೋಟದಂಚಿನಲ್ಲಿ ಮಣ್ಣು ಮಾಡಿ ಬಂದಾಗ ಹೊತ್ತು ಇಳಿದಿತ್ತು. ಅಕ್ಕಪಕ್ಕದವರು ಮುದ್ದೆ, ಸೊಪ್ಪಿನ ಸಾರು ತಂದಿದ್ದರು. ಎಲ್ಲರೂ ಅಂಗಳದಲ್ಲಿ ಕೂತರು. ಗಂಗಾಧರಯ್ಯ ಸ್ವಲ್ಪ ಸರಿದು ಮಲ್ಲಿಗಮ್ಮನಿಗೂ ಮಗಳಿಗೂ ಜಾಗ ಮಾಡಿದರು. ಗುರುಸಿದ್ದಮ್ಮ ತಾನೇ ಬಡಿಸಿದಳು.

ಕೆಂಪಿಯ ಎಲೆ ಆಗಲೇ ಬರಿದಾಗಿತ್ತು.

“ಇನ್ನೊಂದು ಮುದ್ದೆ,” ಎಂದಳು.

“ಸುಮ್ಕಿರಮ್ಮಿ! ಸಾವಿನ ಮನೇಲಿ…” ಮಲ್ಲಿಗಮ್ಮ ಅವಳ ಮೊಣಕೈ ತಿವಿದಳು.

ಗುರುಸಿದ್ದಮ್ಮ ದೊಡ್ಡದನ್ನೇ ಹುಡುಕಿ ಎಲೆಗೆ ಹಾಕಿದಳು. ಕೆಂಪಿ ತುತ್ತು ಮುರಿದು, ಸಾರಿಗೆ ಹೊರಳಿಸಿ, ಕತ್ತು ಚಾಚಿ ಗುಳುಂ ಎಂದು ನುಂಗಿದಳು.